ನಿಕಾಲಿ ಆಗದ ಓಟ

"ಮುಗಿಸಿದ್ರೆಲ್ಲ ಟೀಚರ್, ಅದ ದೊಡ್ಡದು ಬಿಡ್ರಿ."

ಹಾಫ್ ಮ್ಯಾರಥಾನ್ ಮುಗಿದ ಮರುದಿನದಿಂದ ಈ ಮಾತು ನನ್ನ ಬೆನ್ನು ಹತ್ತಿದೆ. ಸ್ಟಾಫ್ ರೂಮಿನಲ್ಲಿ ಹೇಳಿದರು, ಹಾಲಿನ ಅಂಗಡಿಯವರು ಹೇಳಿದರು, ಪಕ್ಕದ ಮನೆಯ ಮಾವಶಿ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿದರು. ಎಲ್ಲರದ್ದೂ ಒಳ್ಳೆಯ ಮನಸ್ಸೇ. ಆದರೂ ಕೇಳಿದಾಗೆಲ್ಲ ಒಳಗೊಳಗೇ ಸಿಟ್ಟು ಬರುತ್ತಿತ್ತು. ಬೈದವರ ಮೇಲೆ ಸಿಟ್ಟು ಬಂದರೆ ಹೇಳಿಕೊಳ್ಳಬಹುದು. ಹೊಗಳಿದವರ ಮೇಲೆ ಸಿಟ್ಟು ಬಂದರೆ ಯಾರ ಮುಂದೆ ಹೇಳೋದು? "ಹೌದ್ರಿ, ಎಲ್ಲಾ ನಿಮ್ಮ ಆಶೀರ್ವಾದ" ಅಂತ ನಕ್ಕು ಜಾಗ ಖಾಲಿ ಮಾಡುತ್ತಿದ್ದೆ. ಈ ಸಿಟ್ಟಾದರೂ ಯಾಕೆ ಅಂತ ಕೆಲವು ವಾರಗಳಿಂದ ತಲೆ ಕೆಡಿಸಿಕೊಂಡಿದ್ದೇನೆ. ಓಡುವ ಹಾಗಿಲ್ಲವಲ್ಲ, ಬೆಳಗ್ಗೆ ಟೈಮು ಬೇಕಾದಷ್ಟಿದೆ.

ನಾನು ಓಡಲು ನಿಂತದ್ದು ಎರಡು ಗಂಟೆಯೊಳಗೆ ಬರಬೇಕು ಅಂತ. ಹಾಫ್ ಮ್ಯಾರಥಾನ್ ಅಂದರೆ 21.0975 ಕಿಲೋಮೀಟರ್. ಎರಡು ಗಂಟೆಯೊಳಗೆ ಮುಗಿಯಬೇಕಾದರೆ ಒಂದೊಂದು ಕಿಲೋಮೀಟರಿಗೂ 5 ನಿಮಿಷ 41 ಸೆಕೆಂಡು, ಅದಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ನಿಜವಾದ ಓಟಗಾರರಿಗೆ ಇದು ಲೆಕ್ಕಕ್ಕೇ ಇಲ್ಲ. ನಲವತ್ತು ದಾಟಿದ, ಓಡಿ ಬಂದ ಮೇಲೆ ಎರಡು ಡಬ್ಬಿ ಕಟ್ಟಿ ಶಾಲೆಯ ಪ್ರಾರ್ಥನೆ ಹೊತ್ತಿಗೆ ಸಾಲಿನ ಮುಂದೆ ನಿಲ್ಲಬೇಕಾದ ನನ್ನಂಥವಳಿಗೆ ಅದು ಸಣ್ಣ ಮಾತಲ್ಲ. ಮಳೆಗಾಲ ಮುಗಿದಾಗಿನಿಂದ ಅದೊಂದೇ ಧ್ಯಾನ. ಕೊನೆಗೆ ನಾನು ಬಂದದ್ದು 2 ಗಂಟೆ 54 ನಿಮಿಷಕ್ಕೆ.

ಹನ್ನೆರಡರವರೆಗೆ, ಹನ್ನೆರಡರ ನಂತರ

ಹನ್ನೆರಡನೇ ಕಿಲೋಮೀಟರಿನವರೆಗೆ ಹೇಳುವಂಥದ್ದೇನೂ ಇಲ್ಲ. ಎಲ್ಲಾ ಸರಿ ಇತ್ತು. ಬೆಳಗಾವಿಯ ಚಳಿ, ಕ್ಯಾಂಪಿನ ದೊಡ್ಡ ಮರಗಳ ಕೆಳಗೆ ಮಂಜು, ಮುಂದೆ "2:00" ಅಂತ ಬರೆದ ಬಾವುಟ ಕಟ್ಟಿಕೊಂಡು ಸರಿಯಾಗಿ ಎರಡು ಗಂಟೆಗೆ ಮುಟ್ಟುವ ವೇಗದಲ್ಲಿ ಓಡುವ ಪೇಸರ್ ಹುಡುಗ, ಅವನ ಹಿಂದೆ ನಾವೊಂದು ಹತ್ತಿಪ್ಪತ್ತು ಮಂದಿ. ಯಾರಿಗೂ ಮಾತಿಲ್ಲ. ಬೂಟಿನ ಸಪ್ಪಳ, ಉಸಿರು, ಅಷ್ಟೇ. ಅಷ್ಟು ಚಂದದ ಹನ್ನೆರಡು ಕಿಲೋಮೀಟರ್ ನಾನು ಜನ್ಮದಲ್ಲಿ ಓಡಿಲ್ಲ.

ಆಮೇಲೆ ಒಂದು ಇಳಿಜಾರು. ಬಲ ಮೊಣಕಾಲಿನ ಹೊರಮಗ್ಗುಲಲ್ಲಿ ಚುಳ್ ಅಂತು. ಈ ನೋವಿನ ಪರಿಚಯ ಸ್ವಲ್ಪ ಇತ್ತು. ಕೆಲವು ದಿನ ಮೊದಲು ಒಮ್ಮೆ ಬಂದು ಹೋಗಿತ್ತು. ಎರಡು ದಿನ ಬಿಟ್ಟು ಓಡಿದರೆ ಸುಳಿವೇ ಇಲ್ಲ. ಈ ಸಲ ಹಾಗೆ ಬಿಡಲಿಲ್ಲ. ಇನ್ನೂರು ಮುನ್ನೂರು ಮೀಟರ್ ಹೋಗುವಷ್ಟರಲ್ಲಿ ಕಾಲು ಮಡಚಿದಾಗೆಲ್ಲ ಚುಚ್ಚತೊಡಗಿತು. ತಮಾಷೆ ಏನೆಂದರೆ ಕಾಲು ನೀಟಾಗಿ ಚಾಚಿ ಸೆಟೆದು ನಡೆದರೆ ಏನೂ ಇಲ್ಲ. ಓಡಲು ಹೋದರೆ ಶುರು. ಉಸಿರು ಸರಿ ಇದೆ, ಎದೆ ಸರಿ ಇದೆ, ತೊಡೆಯಲ್ಲಿ ಇನ್ನೂ ಕಸುವಿದೆ. ಎರಡು ಬೆರಳಗಲದ ಒಂದು ಜಾಗ ಮಾತ್ರ ಆಗೂದಿಲ್ಲ ಅನ್ನುತ್ತಿದೆ.

ನೀರಿನ ಟೇಬಲ್ ಹತ್ತಿರದ ಕಟ್ಟೆಯ ಮೇಲೆ ಕೂತೆ. ಎನ್‌ಸಿಸಿ ಹುಡುಗನೊಬ್ಬ ಓಡಿ ಬಂದು ನನ್ನನ್ನು ಕೇಳದೆಯೇ ಮೊಣಕಾಲಿಗೆ ಸ್ಪ್ರೇ ಹೊಡೆದ. ಅದು ಕೊರೆಯುವಷ್ಟು ತಣ್ಣಗಿತ್ತು, ಅಷ್ಟೇ. "ಮೇಡಂ, ಗಾಡಿ ಕರೀಲೇನ್ರಿ?" ಅಂದ. ಬ್ಯಾಡ ಅಂದೆ. ಅಷ್ಟರಲ್ಲಿ ನಮ್ಮ ಗುಂಪಿನ ಹಿರಿಯರೊಬ್ಬರು, ಅರವತ್ತೈದು ದಾಟಿದವರು, ಪ್ರಾಕ್ಟೀಸಿನಲ್ಲಿ ಯಾವತ್ತೂ ನನ್ನ ಹಿಂದೆ ಇರುವವರು, "ಬರ್ರಿ ಬರ್ರಿ, ಏಳ್ರಿ" ಅಂತ ಕೈ ಬೀಸುತ್ತಾ ಮುಂದೆ ಹೋದರು. 2:00 ಬಾವುಟ ಆಗಲೇ ದೂರದ ತಿರುವಿನಲ್ಲಿತ್ತು. ಒಂದು ಸಲ ಕಂಡಿತು, ನಡುವೆ ಬಸ್ಸೊಂದು ಅಡ್ಡ ಬಂತು, ಆಮೇಲೆ ಕಾಣಲಿಲ್ಲ.

ಉಳಿದದ್ದನ್ನು ಕುಂಟುತ್ತಾ ನಡೆದೆ. ಕೈಗಡಿಯಾರ ಎರಡು ಗಂಟೆ ತೋರಿಸಿದಾಗ ಹದಿನಾರನೇ ಕಿಲೋಮೀಟರ್ ದಾಟಿ ಒಂದು ಗ್ಯಾರೇಜಿನ ಮುಂದಿದ್ದೆ. ಮೆಕ್ಯಾನಿಕ್ ಆಗಷ್ಟೇ ಷಟರ್ ಎತ್ತಿ ಬಾಗಿಲಿಗೆ ನೀರು ಹೊಡೆಯುತ್ತಿದ್ದ. ನನ್ನನ್ನೂ ನನ್ನ ಎದೆಯ ಮೇಲಿನ ನಂಬರನ್ನೂ ನೋಡಿ, "ಅಕ್ಕಾರ, ಎಲ್ಲಾರೂ ಹೋಗಿ ಭಾಳ ಹೊತ್ತಾತ್ರಿ" ಅಂದ. ಆವತ್ತು ನನಗೆ ಯಾರಾದರೂ ನಿಜ ಹೇಳಿದ್ದರೆ ಅವನೊಬ್ಬನೇ. ಗುರಿ ಮುಟ್ಟಿದಾಗ ಪುಟ್ಟ ಹುಡುಗಿಯೊಬ್ಬಳು ಕೊರಳಿಗೆ ಮೆಡಲ್ ಹಾಕಿದಳು. ಬಾಗಿ ಹಾಕಿಸಿಕೊಂಡೆ. ಬಾಗುವಾಗ ಕಾಲು ಮಡಚುವಂತಿಲ್ಲವಲ್ಲ, ಅರ್ಧ ನಮಸ್ಕಾರ ಮಾಡಿದ ಹಾಗೆ ಆಯಿತು.

ಎಕ್ಕದ ಎಲೆ ಮತ್ತು ಐಟಿ ಬ್ಯಾಂಡ್

ಮನೆಗೆ ಬಂದರೆ ಅವ್ವನ ಪ್ರಶ್ನೆ: "ಯಾರ್ ಬೆನ್ನ ಹತ್ತಿದ್ರು ನಿನಗ, ಅಷ್ಟ ಓಡಾಕ?" ಬೈಯುತ್ತಲೇ ಎಕ್ಕದ ಎಲೆಗೆ ಔಡಲ ಎಣ್ಣೆ ಸವರಿ, ಹಂಚಿನ ಮೇಲೆ ಬಾಡಿಸಿ, ಬಿಸಿ ಇರುವಾಗಲೇ ಮೊಣಕಾಲಿಗೆ ಕಟ್ಟಿದಳು. ಹಿತವಾಗಿತ್ತು. ನೋವು ಹೋಯಿತಾ ಅಂದರೆ, ಕೂತರೆ ಅದು ಮೊದಲೂ ಇರಲಿಲ್ಲ. ಅವ್ವ ಮಾತ್ರ ಇವತ್ತಿಗೂ ತನ್ನ ಎಲೆಯಿಂದಲೇ ಕಡಿಮೆ ಆಯಿತು ಅನ್ನುತ್ತಾಳೆ. ಅನ್ನಲಿ.

ಫಿಸಿಯೋ ಹತ್ತಿರ ಹೋದೆ. ಅವರು ಮಲಗಿಸಿ, ಮೊಣಕಾಲಿನ ಹೊರಗಡೆಯ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕಾಲನ್ನು ಮೆಲ್ಲಗೆ ಮಡಚಿ ಚಾಚಿದರು. ಸ್ವಲ್ಪವೇ ಮಡಚಿದ್ದಾಗ, ಮೂವತ್ತು ಡಿಗ್ರಿ ಸುಮಾರಿಗೆ, ಕೂಗಿಕೊಂಡೆ. "ಹಾಂ, ಸಿಕ್ತು ನೋಡ್ರಿ" ಅಂದರು, ಕಳೆದ ಕೀಲಿಕೈ ಸಿಕ್ಕಷ್ಟು ಖುಷಿಯಿಂದ. ಐಟಿ ಬ್ಯಾಂಡ್ ಅಂತೆ. ಸೊಂಟದಿಂದ ತೊಡೆಯ ಹೊರಗಡೆ ಇಳಿದು ಮೊಣಕಾಲಿನ ಕೆಳಗಿನ ಮೂಳೆಗೆ ಅಂಟಿಕೊಳ್ಳುವ ದಪ್ಪ ಪಟ್ಟಿ. ಮೊದಲೆಲ್ಲ ಅದು ಮೂಳೆಗೆ ಉಜ್ಜಿ ನೋವಾಗುತ್ತೆ ಅಂತಿದ್ದರು. ಈಗ ಪಟ್ಟಿಯ ಕೆಳಗಿರುವ, ನರಗಳು ಜಾಸ್ತಿ ಇರುವ ಕೊಬ್ಬಿನ ಪದರ ಒತ್ತಿದ್ದರಿಂದ ಆ ನೋವು ಅಂತ ಹೇಳುವವರೇ ಹೆಚ್ಚು. ಇಳಿಜಾರಿನಲ್ಲಿ ಇದು ಕೆರಳುತ್ತದೆ. ಏರುವಾಗ ಅಷ್ಟು ತೊಂದರೆ ಕೊಡುವುದಿಲ್ಲ.

ಆಮೇಲೆ ಕನ್ನಡಿ ಮುಂದೆ ಬಲಗಾಲೊಂದರ ಮೇಲೆ ನಿಲ್ಲಿಸಿ ಸ್ವಲ್ಪ ಕುಕ್ಕರಿಸಲು ಹೇಳಿದರು. ನನ್ನ ಕಣ್ಣಿಗೇ ಕಂಡಿತು. ಎಡ ಸೊಂಟ ಕೆಳಗೆ ಜಾರಿತು, ಬಲ ಮೊಣಕಾಲು ಒಳಗೆ ವಾಲಿತು. "ಮೊಣಕಾಲಿಗೆ ಏನೂ ಆಗಿಲ್ಲ. ಸೊಂಟದ ಮಗ್ಗುಲಿನ ಸ್ನಾಯು ಕೆಲಸ ಮಾಡವಲ್ದು. ಅದರ ಕೆಲಸಾನೂ ಈ ಪಟ್ಟಿ ಮಾಡಾಕತ್ತೈತಿ." ಕಚೇರಿಯಲ್ಲಿ ಒಬ್ಬರ ಸೋಮಾರಿತನಕ್ಕೆ ಪಕ್ಕದ ಟೇಬಲ್ಲಿನವರು ರಜೆ ಹಾಕುವುದು ನೋಡಿಲ್ವಾ, ಹಾಗೆ. ಮಗ್ಗುಲಾಗಿ ಮಲಗಿ ಕಾಲೆತ್ತುವುದು, ಮೊಣಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವುದು, ಸೈಡ್ ಪ್ಲ್ಯಾಂಕ್. ಇವು ಓಟಕ್ಕಿಂತ ಬೇಸರದ ಕೆಲಸ. ಟಿವಿ ಮುಂದೆ ಮಾಡುತ್ತೇನೆ. ಮಗಳು ವಿಡಿಯೋ ಮಾಡಿ ನಗುತ್ತಾಳೆ.

ಕಾರಣ ಗೊತ್ತಾದರೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ. ಅರ್ಧ ಆಯಿತು. ಕಾಲಿನ ಬಗ್ಗೆ ಆಯಿತು, ಓಟದ ಬಗ್ಗೆ ಆಗಲಿಲ್ಲ.

ವಾಟ್ಸ್ಯಾಪಿನಲ್ಲಿ ಬಂದ ಅಖ್ವಾರಿ

ಓಟ ಕೆಟ್ಟವರಿಗೆಲ್ಲ ಒಂದು ವಿಡಿಯೋ ಬರುತ್ತದೆ. ನನಗೂ ಬಂತು, ಮೂರು ಬೇರೆ ಬೇರೆ ಗುಂಪಿನಿಂದ. 1968ರ ಮೆಕ್ಸಿಕೋ ಒಲಿಂಪಿಕ್ಸ್ ಮ್ಯಾರಥಾನ್. ತಾಂಜಾನಿಯಾದ ಜಾನ್ ಸ್ಟೀಫನ್ ಅಖ್ವಾರಿ ಓಟದ ನಡುವೆ ಬಿದ್ದು, ಮೊಣಕಾಲು ಗಾಯ ಮಾಡಿಕೊಂಡು, ಕಾಲಿಗೆ ಪಟ್ಟಿ ಸುತ್ತಿಕೊಂಡು, ಗೆದ್ದವನು ಬಂದು ಒಂದು ಗಂಟೆಗೂ ಜಾಸ್ತಿ ಹೊತ್ತಾದ ಮೇಲೆ ಕತ್ತಲಲ್ಲಿ ಕುಂಟುತ್ತಾ ಸ್ಟೇಡಿಯಮ್ಮಿಗೆ ಬರುತ್ತಾನೆ. ಕೊನೆಯವನಾಗಿ ಮುಗಿಸುತ್ತಾನೆ. ನೋಡಿದರೆ ಗಂಟಲು ಕಟ್ಟುತ್ತೆ, ಸುಳ್ಳು ಹೇಳೋದಿಲ್ಲ.

ಆದರೆ ಅದೇ ಓಟದಲ್ಲಿ ಇನ್ನೊಬ್ಬ ಇದ್ದ. ಇಥಿಯೋಪಿಯಾದ ಅಬೆಬೆ ಬಿಕಿಲ. 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಓಡಿ ಚಿನ್ನ ಗೆದ್ದವನು, 1964ರಲ್ಲಿ ಟೋಕಿಯೋದಲ್ಲಿ ಮತ್ತೆ ಗೆದ್ದವನು. ಅಪೆಂಡಿಕ್ಸ್ ಆಪರೇಷನ್ ಆಗಿ ಎರಡು ತಿಂಗಳೂ ಆಗಿರಲಿಲ್ಲ, ಆಗ ಬಂದ ಗೆಲುವು ಅದು. ಮೂರನೇ ಚಿನ್ನಕ್ಕೆ ಮೆಕ್ಸಿಕೋಗೆ ಬಂದಿದ್ದ. ಕಾಲಿನ ಮೂಳೆಯಲ್ಲಿ ಬಿರುಕಿತ್ತು. ಹದಿನೇಳನೇ ಕಿಲೋಮೀಟರ್ ಸುಮಾರಿಗೆ ನಿಂತುಬಿಟ್ಟ. ಗೆದ್ದದ್ದು ಅವನ ದೇಶದವನೇ ಆದ ಮಾಮೋ ವೋಲ್ಡೆ.

ಬಿಕಿಲ ನಿಂತ ಆ ಗಳಿಗೆಯ ವಿಡಿಯೋ ನನಗೆ ಯಾರೂ ಕಳಿಸಲಿಲ್ಲ. ಕಳಿಸುವುದೂ ಇಲ್ಲ. ಮುಗಿಸಿದವನದ್ದು ಕಥೆ ಆಗುತ್ತದೆ, ನಿಂತವನದ್ದು ಸುದ್ದಿಯೂ ಆಗುವುದಿಲ್ಲ. ಎರಡು ಸಲ ಒಲಿಂಪಿಕ್ ಗೆದ್ದವನಿಗೆ ತನ್ನ ಕಾಲು ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳುವುದು ಗೊತ್ತಿತ್ತು. ಅದನ್ನು ಕೈಚೆಲ್ಲಿದ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ಅಖ್ವಾರಿಗೆ ಒಂದು ಕಾರಣ ಇತ್ತು, ದೇಶ ಕಳಿಸಿತ್ತು. ನನ್ನನ್ನು ಕಳಿಸಿದ್ದು ಯಾರು? ಆನ್‌ಲೈನಲ್ಲಿ ದುಡ್ಡು ಕಟ್ಟಿ ಟೀಶರ್ಟ್ ಇಸ್ಕೊಂಡು ಬಂದವಳು ನಾನು. ನಡೆದು ಮುಗಿಸಿದ್ದಕ್ಕೆ ಇದ್ದ ಕಾರಣ ಇಷ್ಟೇ: ಸ್ಕೂಟಿ ನಿಲ್ಲಿಸಿದ್ದು ಗುರಿಯ ಹತ್ತಿರ.

ನಮ್ಮ ದೇಶದವರದ್ದೇ ಇಂಥ ಒಂದು ಜೋಡಿ ಇದೆ. ಬೆಳಗಾವಿಯ ಫಡೆಪ್ಪ ಚೌಗುಲೆ. 1920ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ದೊರಾಬ್ಜಿ ಟಾಟಾ ಅವರ ಒತ್ತಾಸೆಯಿಂದ ಹೋದ ನಮ್ಮ ದೇಶದ ತಂಡದಲ್ಲಿದ್ದವರು. ಆ ವರ್ಷದ ಮ್ಯಾರಥಾನ್ ಈಗಿನದಕ್ಕಿಂತ ಉದ್ದ, 42.75 ಕಿಲೋಮೀಟರ್. ಚೌಗುಲೆ 2 ಗಂಟೆ 50 ನಿಮಿಷಕ್ಕೆ ಮುಗಿಸಿ 19ನೆಯವರಾಗಿ ಬಂದರು. ಅಂದರೆ ನೋಡಿ, ಅವರು ಇಡೀ ಮ್ಯಾರಥಾನ್ ಓಡಿ ಮುಗಿಸುವಷ್ಟು ಹೊತ್ತಿನಲ್ಲಿ ನನ್ನ ಅರ್ಧ ಮ್ಯಾರಥಾನೂ ಮುಗಿದಿರಲಿಲ್ಲ. ಅದೇ ಓಟದಲ್ಲಿ ಸದಾಶಿವ ದಾತಾರ್ ಅಂತ ನಮ್ಮ ತಂಡದ ಇನ್ನೊಬ್ಬರು ಓಡಿದ್ದರು. ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ನಂಬರಿಲ್ಲ, ಟೈಮೂ ಇಲ್ಲ. ಓಟ ಮುಗಿಸಲಿಲ್ಲ, ಅಷ್ಟೇ. ಅಷ್ಟು ದೂರ ಹಡಗು ಹತ್ತಿ ಹೋಗಿ, ವಾಪಸ್ ಹಡಗಿನಲ್ಲಿ ಅಷ್ಟೂ ದಿನ ಕೂತು ಬರುವಾಗ ಆ ಮನುಷ್ಯ ಏನು ಯೋಚಿಸಿರಬಹುದು ಅಂತ ಈಚೆಗೆ ಆಗಾಗ ನೆನಪಾಗುತ್ತದೆ. ಹಡಗಿನಲ್ಲಿ ಅವರಿಗೆ ಯಾರಾದರೂ "ಹೋಗಿ ಬಂದ್ರೆಲ್ಲ, ಅದ ದೊಡ್ಡದು" ಅಂದಿದ್ದರೆ?

ಕಾಕಾನ ಭುಜ

ಓಟ ಮುಗಿದ ಆ ಭಾನುವಾರ ಸಂಜೆ ಕಾಕಾ ಬಂದಿದ್ದರು. ಅಪ್ಪನ ತಮ್ಮ, ಹಳೆಯ ಪೈಲ್ವಾನ. ಅವರು ಮೆಡಲ್ ಕೈಯಲ್ಲಿ ಹಿಡಿದೂ ನೋಡಲಿಲ್ಲ. ಕೂತವರೇ, "ಎಷ್ಟನೇ ಕಿಲೋಮೀಟರಿಗೆ ಹಿಡೀತು?" ಅಂದರು. ಹನ್ನೆರಡು ದಾಟಿದ ಮೇಲೆ ಅಂದೆ. "ಅಲ್ಲೀ ಮಟ ಹೆಂಗಿತ್ತು?" ಭಾಳ ಚಲೋ ಇತ್ತು ಕಾಕಾ ಅಂದೆ. ಅಷ್ಟು ಹೇಳುವಾಗ ಇಡೀ ದಿನ ಬಾರದ ಅಳು ಬಂತು. ಕಾಕಾ ಸಮಾಧಾನ ಮಾಡಲಿಲ್ಲ. ಅವಲಕ್ಕಿ ತಿಂದು ಮುಗಿಸಿ ತಮ್ಮ ಭುಜದ ಕಥೆ ತೆಗೆದರು.

ನಮ್ಮ ಕಡೆಯ ಜಾತ್ರೆಯಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು, ನಿಕಾಲಿ ಆಗದ, ಅಂದರೆ ಸೋಲು ಗೆಲುವು ತೀರ್ಮಾನ ಆಗದ ಕುಸ್ತಿಗೆ ಜನ ಎಷ್ಟು ಗೊಣಗುತ್ತಾರೆ ಅಂತ. ಒಬ್ಬನಾದರೂ ಚಿತ್ ಆಗಬೇಕು. ಕಾಕಾನ ಜೋರು ವಯಸ್ಸಿನಲ್ಲಿ ಪಕ್ಕದ ಊರಿನ ಪೈಲ್ವಾನನ ಜೊತೆ ಒಂದು ದೊಡ್ಡ ಕುಸ್ತಿ ಬಿದ್ದಿತ್ತಂತೆ. ಅರ್ಧದಲ್ಲಿ ಕಾಕಾನ ಭುಜ ಕಳಚಿತು. ಪಂಚರು ನಿಲ್ಲಿಸಿದರು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ.

"ಭುಜ ಕೂಡಿತು. ಆದ್ರ ಆ ಕುಸ್ತಿ ಕೂಡಲಿಲ್ಲ ನೋಡವ್ವಾ. ಕೈ ಸರಿ ಇದ್ದಿದ್ರ ಅವನ್ನ ಅಲ್ಲೇ ಒಗೀತಿದ್ದೆ ಅಂತ ಎಷ್ಟೋ ವರ್ಷ ಹೇಳ್ಕೋತ ತಿರುಗಿದೆ. ಒಂದಿನ ಗೋಕಾಕದಾಗ ಸಿಕ್ಕ. ಚಾ ಕುಡುದ್ವಿ. ನಗಿ ಬಂತು. ಅವನೂ ತನ್ನ ಊರಾಗ ಹಂಗ ಹೇಳ್ಕೋತ ತಿರಗತಿದ್ನಂತ. ಪಂಚರು ನಿಲ್ಲಸ್ದಿದ್ರ ಒಗೀತಿದ್ದೆ ಅಂತ."

"ಮತ್ತ ಯಾರದ್ದು ಖರೆ ಕಾಕಾ?"

"ಯಾರಿಗ್ಗೊತ್ತು? ಬಿಲ್ ಅವನ ಕೊಟ್ಟ."

ನನ್ನ ಸಿಟ್ಟಿನ ಬೇರು ಕೊನೆಗೆ ಸಿಕ್ಕಿದ್ದು ಈ ಕಥೆ ಮತ್ತೆ ನೆನಪಾದಾಗ. ಸೋತಿದ್ದರೆ ಹೀಗಿರುತ್ತಿರಲಿಲ್ಲ. ಎರಡು ಗಂಟೆ ಆರು ನಿಮಿಷಕ್ಕೆ ಬಂದಿದ್ದರೆ, ಬೇಜಾರಾಗುತ್ತಿತ್ತು, ಒಂದೆರಡು ದಿನ ಮೋರೆ ಗಂಟು ಹಾಕಿಕೊಂಡಿರುತ್ತಿದ್ದೆ, ಆಮೇಲೆ ಎಲ್ಲಿ ಕಮ್ಮಿ ಬಿತ್ತು ಅಂತ ನೋಡಿ ಮತ್ತೆ ಶುರು ಮಾಡುತ್ತಿದ್ದೆ. ಆ 2:06 ಒಂದು ಉತ್ತರ. 2:54 ಯಾವುದಕ್ಕೂ ಉತ್ತರ ಅಲ್ಲ. ಪೇಪರ್ ಬರೆದು ಬಂದ ಮಗುವಿಗೆ ಫೇಲ್ ಅಂತಾದರೂ ಹೇಳಬೇಕು, ಉತ್ತರಪತ್ರಿಕೆಯೇ ತಿದ್ದಿಲ್ಲ ಅಂದರೆ ಅದು ಏನು ಮಾಡಬೇಕು? ನನ್ನ ಕೈಲಿ ಎರಡು ಗಂಟೆ ಆಗುತ್ತದಾ ಅಂತ ಕೇಳಲು ಹೋಗಿದ್ದೆ. ಜನ "ಮುಗಿಸಿದಿರಲ್ಲ" ಅಂದಾಗ, ನಾನು ಕೇಳದೇ ಇದ್ದ ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಕೊಟ್ಟು, ನನ್ನ ಪ್ರಶ್ನೆಯನ್ನು ಒರೆಸಿ ಹಾಕಿದ ಹಾಗೆ ಆಗುತ್ತಿತ್ತು.

1:58 ಅನ್ನುವ ನಂಬರು

ಉತ್ತರ ಸಿಗದಿದ್ದರೆ ಮನಸ್ಸು ಸುಮ್ನೆ ಕೂರುವುದಿಲ್ಲ, ತಾನೇ ಒಂದು ಬರೆದುಕೊಳ್ಳುತ್ತದೆ. ನನ್ನದು 1:58. ಹನ್ನೆರಡು ಕಿಲೋಮೀಟರಿನವರೆಗಿನ ಸ್ಪೀಡನ್ನು ಇಪ್ಪತ್ತೊಂದಕ್ಕೆ ಎಳೆದರೆ ಹೆಚ್ಚುಕಡಿಮೆ ಅಷ್ಟು ಬರುತ್ತದೆ. ಯಾರಾದರೂ "ಎಷ್ಟೊತ್ತಿಗೆ ಬಂದ್ರಿ?" ಅಂದರೆ 2:54 ಬಾಯಿಂದ ಬೀಳುವ ಮೊದಲೇ "ಕಾಲು ಸರಿ ಇದ್ದಿದ್ರೆ 1:58 ಇತ್ತು ನೋಡ್ರಿ" ಅನ್ನೋದು ಬರುತ್ತಿತ್ತು. ಓಡಿದವರು ಯಾರಾದರೂ ಇದನ್ನು ಕೇಳಿದರೆ ಮನಸ್ಸಲ್ಲೇ ನಗುತ್ತಾರೆ. ಹಾಫ್ ಮ್ಯಾರಥಾನ್ ಶುರುವಾಗುವುದೇ ಹದಿನಾರನೇ ಕಿಲೋಮೀಟರಿಗೆ. ಅಲ್ಲಿವರೆಗೆ ಚಂದ ಓಡಿ ಆಮೇಲೆ ನೆಲಕಚ್ಚಿದವರು ಎಲ್ಲ ಊರಿನಲ್ಲೂ ಇದ್ದಾರೆ. ನಾನು ಆ ಹದಿನಾರರ ಬಾಗಿಲಿಗೆ ಓಡಿಕೊಂಡು ಹೋಗಲೇ ಇಲ್ಲ.

2024ರ ಸೆಪ್ಟೆಂಬರಿನ ಬ್ರಸೆಲ್ಸ್ ಡೈಮಂಡ್ ಲೀಗ್ ಫೈನಲ್ ನೆನಪಿದೆಯಾ? ಈಟಿ ಎಸೆತದಲ್ಲಿ ನೀರಜ್ ಚೋಪ್ರಾ 87.86 ಮೀಟರ್, ಗೆದ್ದ ಆಂಡರ್ಸನ್ ಪೀಟರ್ಸ್ 87.87. ಒಂದೇ ಸೆಂಟಿಮೀಟರ್. ಅದಾದ ಮೇಲೆ ನೀರಜ್ ಎಕ್ಸ್‌ರೇ ಹಾಕಿ ಹೇಳಿದರು, ಪ್ರಾಕ್ಟೀಸಿನಲ್ಲಿ ಎಡಗೈಯ ಮೂಳೆ ಮುರಿದಿತ್ತು ಅಂತ. ಈಟಿ ಎಸೆಯುವುದು ಬಲಗೈಯಲ್ಲಿ, ಆದರೂ ಎಡಗೈ ಸುಮ್ನೆ ಇರುವುದಿಲ್ಲವಲ್ಲ. ಮೂಳೆ ನೆಟ್ಟಗಿದ್ದಿದ್ದರೆ ಆ ಒಂದು ಸೆಂಟಿಮೀಟರ್ ಎಲ್ಲಿಗೆ ಹೋಗುತ್ತಿತ್ತು ಅಂತ ನಮ್ಮ ಸ್ಟಾಫ್ ರೂಮಿನಲ್ಲೇ ವಾದ ನಡೆದಿತ್ತು. ನನಗೆ ಹಿಡಿಸಿದ್ದು ಬೇರೆ. ಗಾಯದ ಸುದ್ದಿ ಬಂದದ್ದು ಫಲಿತಾಂಶ ಬಂದ ಮೇಲೆ. ಪೀಟರ್ಸ್‌ನ 87.87 ಹಾಗೇ ಇತ್ತು. ಅವರೂ ತಮ್ಮ ಎಲ್ಲಾ ನೋವು ಸಂಕಟ ಹೊತ್ತುಕೊಂಡೇ ಅಷ್ಟು ದೂರ ಎಸೆದಿರುತ್ತಾರೆ, ಅಲ್ವಾ?

ಹಾಗಾಗಿ 1:58 ಹೇಳುವುದನ್ನು ಬಿಡಲು ನೋಡುತ್ತಿದ್ದೇನೆ. ಒಳ್ಳೆಯತನಕ್ಕೆ ಏನಲ್ಲ. ಆ ನಂಬರು ಹೇಳಿದಷ್ಟೂ ಓಟ ಮುಗಿಯುವುದಿಲ್ಲ, ತಲೆಯಲ್ಲಿ ಇನ್ನೂ ಓಡುತ್ತಲೇ ಇರುತ್ತದೆ. ಮೊನ್ನೆ ಎಂಟನೇ ಕ್ಲಾಸಿನ ಹುಡುಗನೊಬ್ಬ, "ಟೀಚರ್, ಎಷ್ಟನೇ ನಂಬರ್ ಬಂತ್ರಿ?" ಅಂದ. ನಂಬರ್ ಇಲ್ಲಪ್ಪಾ, ಎರಡು ಗಂಟೆ ಐವತ್ನಾಲ್ಕು ನಿಮಿಷ ಅಂದೆ. ಕಾಲಿನ ವಿಷಯ ಎತ್ತಲಿಲ್ಲ. ಅವನು ಬೆರಳೆಣಿಸಿ, "ನಮ್ಮ ಅಪ್ಪ ಅಷ್ಟೊತ್ತಿಗೆ ಖಾನಾಪುರಕ್ಕ ಹೋಗಿ ಬರ್ತಾನ್ರಿ" ಅಂದ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ. ಅದರಲ್ಲಿ ಏನೂ ನೋವಾಗಲಿಲ್ಲ. "ಮುಗಿಸಿದಿರಲ್ಲ" ಕೇಳಿದಾಗ ಆಗುವುದರ ಕಾಲುಭಾಗವೂ ಇಲ್ಲ.

ಬೇಸರ ಪೂರ್ತಿ ಹೋಗಿದೆ ಅಂತಲ್ಲ. ನಮ್ಮ ಗುಂಪಿನವರು ತಮ್ಮ ಟೈಮು ಹಾಕಿದರೆ ಇನ್ನೂ ನೋಡದ ಹಾಗೆ ಸರಿಸಿಬಿಡುತ್ತೇನೆ. ಆ ಹಿರಿಯರು, ಕೈ ಬೀಸಿ ಹೋದವರು, ಈ ಸಲ ತಮ್ಮ ಜನ್ಮದ ಬೆಸ್ಟ್ ಟೈಮ್ ಮಾಡಿದ್ದಾರೆ. ಅವರಿಗೆ ಶುಭಾಶಯ ಹೇಳಲು ನನಗೆ ಒಂದು ವಾರ ಬೇಕಾಯಿತು. ಅವರು ಮಾತ್ರ ಎಲ್ಲರಿಗಿಂತ ಮೊದಲು ಫೋನ್ ಮಾಡಿ ಮೊಣಕಾಲು ವಿಚಾರಿಸಿದ್ದರು.

ಈಗ ಫಿಸಿಯೋ ಸ್ವಲ್ಪ ಸ್ವಲ್ಪ ಬಿಟ್ಟಿದ್ದಾರೆ. ವಾರದ ದಿನ ನಮ್ಮೂರಿನ ವ್ಯಾಕ್ಸಿನ್ ಡಿಪೋ ಮೈದಾನದ ಮರಗಳ ನಡುವೆ ಸಮತಟ್ಟು ನೆಲದಲ್ಲಿ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ. ವಾಕಿಂಗ್ ಬರುವ ಅಜ್ಜಂದಿರು ನನ್ನನ್ನು ದಾಟುತ್ತಾರೆ, ನಾನು ಅವರನ್ನು ದಾಟುತ್ತೇನೆ, ಮತ್ತೆ ಅವರು ನನ್ನನ್ನು. ಅಂಥ ಸ್ಪರ್ಧೆ ಯಾವ ಮ್ಯಾರಥಾನಿನಲ್ಲೂ ಇಲ್ಲ. ಏರು ಓಡಬಹುದು, ಇಳಿಜಾರು ಸದ್ಯ ಬೇಡ ಅಂದಿದ್ದಾರೆ. ಹಾಗಾಗಿ ಭಾನುವಾರ ಯಳ್ಳೂರಿನ ಗುಡ್ಡದ ಮೇಲಿನ ಕೋಟೆ ರಾಜಹಂಸಗಡಕ್ಕೆ ಹೋಗುತ್ತೇವೆ. ನಾನು ಹತ್ತುತ್ತಾ ಓಡುತ್ತೇನೆ. ನಮ್ಮ ಮನೆಯವರು ಸ್ಕೂಟಿಯಲ್ಲಿ ಮೇಲೆ ಹೋಗಿ ಕಾಯುತ್ತಾರೆ, ಇಳಿಯುವಾಗ ನಾನು ಹಿಂದೆ ಕೂರುತ್ತೇನೆ. ಹೋದ ವಾರ ಅವರು ಹೆಲ್ಮೆಟ್ ಕೊಡುತ್ತಾ, "ಪೆಟ್ರೋಲ್ ನನ್ನದು, ಮೆಡಲ್ ನಿಂದು. ಇದ್ಯಾವ ಲೆಕ್ಕ?" ಅಂದರು. ಮೆಡಲ್ ಬೇಕಾದರೆ ತಗೋರಿ ಅಂದೆ. ಅದು ಟಿವಿ ಸ್ಟ್ಯಾಂಡಿನ ಹಿಂದೆ ಬಿದ್ದಿದೆಯಂತೆ, ಮಗಳು ನೋಡಿದ್ದಾಳೆ.